ಹಾರಿದ ನಂಬರು

ಕಂಪ್ಯೂಟರ್ ಕಲಿಸೋ ಕೆಲಸ ಬಿಟ್ಟು ಭಾಳ ವರ್ಷ ಆತು. ಆದ್ರ ಕುಷ್ಟಗಿಯಾಗ ನನ್ನ ಕಡೆ ಕಲಿತವರು ಯಾರರ ಇವತ್ತಿಗೂ ಎದುರಿಗೆ ಸಿಕ್ಕರ, ಬಸ್ ಸ್ಟ್ಯಾಂಡಿನ್ಯಾಗ ಇರಲಿ, ಮದಿವಿ ಊಟದ ಪಂಕ್ತಿಯಾಗ ಇರಲಿ, "ಟೀಚರ್, ಆರಾಮ ಅದೀರೇನ್ರಿ?" ಅಂತ ಕೇಳತಾರ. ನನಗ ಒಳಗೊಳಗ ಖುಷಿ ಆಗತೈತಿ, ಸುಳ್ಳ ಯಾಕ ಹೇಳಲಿ. ಮುಖದ ಮ್ಯಾಲ ಮಾತ್ರ ತೋರಿಸಂಗಿಲ್ಲ.

ಕ್ಲಾಸು ಅಂದ್ರ ಏನ್ ದೊಡ್ಡ ಕಾಲೇಜಲ್ಲ. ಬಟ್ಟಿ ಅಂಗಡಿ ಮ್ಯಾಲಿನ ಒಂದು ಖೋಲಿ, ಆರು ಕಂಪ್ಯೂಟರು, ಅದರಾಗ ಎರಡು ಯಾವಾಗಲೂ ಕೆಟ್ಟಿರತಿದ್ವು. ಉಳಿದವು ಎಷ್ಟು ನಿಧಾನ ಅಂದ್ರ, ಒಂದು ಫೋಲ್ಡರ್ ತೆರಿಯೋದ್ರಾಗ ಕೆಳಗ ಇಳದು ಚಹಾ ಕುಡದು ಬರಬಹುದಿತ್ತು. ಕಲಿಯೋ ಹುಡುಗ್ಯಾರಿಗೆ ತಾಳ್ಮಿ ಎಲ್ಲಿಂದ ಬರಬೇಕು? ಸಿಕ್ಕಲ್ಲಿ ಒತ್ತಿ ಒತ್ತಿ ಕಂಪ್ಯೂಟರ್ ಕೆಟ್ಟು ನಿಲ್ಲೂಹಂಗ ಮಾಡತಿದ್ರು. ಅದಕ್ಕ ನಾ ಒಂದು ಕಾಯಿದೆ ಮಾಡಿದ್ದೆ. ಯಾವ ಕೆಲಸಕ್ಕ ಕೈ ಹಾಕೂಕಿಂತ ಮೊದಲು ಮೌಸಿನ ಬಲಗಡೆ ಬಟನ್ ಒತ್ತರಿ, ರಿಫ್ರೆಶ್ ಮಾಡ್ರಿ, ಆಮ್ಯಾಲ ಮುಂದಿನದು. ನನಗ ಕಲಿಸಿದ ಸರ್ ಹಂಗ ಹೇಳಿಕೊಟ್ಟಿದ್ರು, ನಾನೂ ಹಂಗ ಹೇಳಿಕೊಟ್ಟೆ. ಅದರಿಂದ ಕಂಪ್ಯೂಟರ್ ಏನೂ ಜಲ್ದಿ ಆಗಂಗಿಲ್ಲ, ಪರದಿ ಮ್ಯಾಲಿನ ಚಿತ್ರ ಒಮ್ಮಿ ಮಿಂಚತಾವ ಅಷ್ಟ. ಇದು ನನಗ ಗೊತ್ತಾಗೂ ಹೊತ್ತಿಗೆ ನೂರಾರು ಮಂದಿ ಕಲಿತು ಹೋಗಿದ್ರು. ಯಾರರ ಮರತ್ರ ಸ್ಕೇಲಿಲೆ ಮೇಜು ಬಡದು "ರಿಫ್ರೆಶ್!" ಅಂತ ಒದರತಿದ್ದೆ. ನಮ್ಮ ಕಡೆ ಯಾವ ಆಫೀಸಿಗೆ ಬೇಕಾದ್ರೂ ಹೋಗಿ ನೋಡ್ರಿ, ಆಪರೇಟರ್ ಖುರ್ಚಿ ಮ್ಯಾಲ ಕುಂತ ಕೂಡಲೆ ಟಕ್ ಟಕ್ ಟಕ್ ಅಂತ ನಾಕೈದು ಸಲ ರಿಫ್ರೆಶ್ ಮಾಡೇ ಕೆಲಸ ಚಾಲೂ ಮಾಡೋದು. ಅವರಾಗ ಕೆಲವರು ನನ್ನವರ ಇರಬೇಕು.

ಈಗ ಯಾರ ಸುದ್ದಿ ಹೇಳಾಕ ಹತ್ತೀನೋ ಅಕಿನೂ ನನ್ನ ಕಡೆನ ಕಲಿತಾಕಿ. ಅವರಪ್ಪಂದು ಕುಷ್ಟಗಿಯಾಗ ಸೈಕಲ್ ರಿಪೇರಿ ಅಂಗಡಿ ಇತ್ತು. ಮನ್ಯಾಗ ದಖ್ಖನಿ ಉರ್ದು ಮಾತಾಡತಿದ್ರು, ಹೊರಗ ನಮ್ಮಂಗ ಕನ್ನಡ. ಇಡೀ ಬ್ಯಾಚಿನ್ಯಾಗ ಒಂದ ಸಲನೂ ರಿಫ್ರೆಶ್ ಮರೀಲಾರದಾಕಿ ಅಂದ್ರ ಅಕಿ ಒಬ್ಬಾಕಿನ. ಹೇಳಿದ್ದನ್ನ ಹೇಳಿದಂಗ ಮಾಡತಿದ್ಲು. "ಅಕಿನ್ನ ನೋಡಿ ಕಲೀರಿ" ಅಂತ ಉಳಿದವರಿಗೆ ಎಷ್ಟು ಸಲ ಬೈದೇನೋ ಲೆಕ್ಕ ಇಲ್ಲ. ಆಮ್ಯಾಲ ಅಕಿ ಲಗ್ನ ಆಗಿ ಸಿದ್ದಾಪುರಕ್ಕ ಹೋದ್ಲು, ನಾ ಕ್ಲಾಸು ಮುಚ್ಚಿ ಕೊಪ್ಪಳಕ್ಕ ಬಂದೆ.

ಕೊಪ್ಪಳದಾಗ ನಂದು ಈಗ ಸಾಫ್ಟ್‌ವೇರ್ ಮಾಡಿಕೊಡೋ ಕೆಲಸ. ನಾ ಒಬ್ಬಾಕಿ, ಒಂದು ಖೋಲಿ, ಎರಡು ಕಂಪ್ಯೂಟರು. ಯಲಬುರ್ಗಾದ ಬೀಜ ಗೊಬ್ಬರದ ಅಂಗಡಿ, ಹನುಮನಹಳ್ಳಿಯ ಒಂದು ಲಾಡ್ಜು, ಗಂಗಾವತಿಯ ಒಂದೆರಡು ದವಾಖಾನಿ, ಇಂಥವರು ನನ್ನ ಗಿರಾಕಿಗಳು. ಅವರಿಗೆ ಇಂಟರ್ನೆಟ್ ಇರಲಿ ಬಿಡಲಿ ಕೆಲಸ ನಡೀಬೇಕು, ಪರದಿ ಮ್ಯಾಲ ಕನ್ನಡ ಇರಬೇಕು, ಕೆಟ್ಟರ ನಾ ಲಗೂನ ಫೋನ್ ಎತ್ತಬೇಕು. ಮೂರೂ ನಡಸ್ಕೊಂಡು ಬಂದೀನಿ. ನನ್ನ ಕೆಲಸದಾಗ ಯಾರರ ತಪ್ಪು ಹುಡುಕಿದ್ರ ನನಗ ಸಿಟ್ಟು ನೆತ್ತಿಗೆ ಏರತೈತಿ, ಅದೂ ಖರೆ.

ಗಂಗಾವತಿಯ ಎಲುಬಿನ ಡಾಕ್ಟರೊಬ್ರು ಪೇಶಂಟ್ ಪಾಳಿ ಹಚ್ಚೋದಕ್ಕ ಒಂದು ಸಾಫ್ಟ್‌ವೇರ್ ಕೇಳಿದ್ರು. ಮುಂಜಾನಿ ಬಂದವರಿಗೆಲ್ಲಾ ನಂಬರ್ ಚೀಟಿ ಕೊಡೋದು, ಒಂದೊಂದ ನಂಬರ್ ಕರಿಯೋದು, ಕರೆದ ನಂಬರು ಹೊರಗ ಪೇಶಂಟ್ ಕುಂದರೋ ಹಾಲಿನ ಟಿವಿ ಮ್ಯಾಲ ಕಾಣೋದು. ಕರೆದಾಗ ಯಾರೂ ಬರಲಿಲ್ಲಂದ್ರ "ಕರೆದಾಗ ಇರಲಿಲ್ಲ" ಅಂತ ಬರದು ಅವರ ಪಾಳಿ ಎಲ್ಲಾರಕಿಂತ ಕೊನಿಗೆ ಹೋಗತಿತ್ತು. ಹಿಂದಕ್ಕ ತರೋ ದಾರಿ ನಾ ಇಟ್ಟಿರಲಿಲ್ಲ. ದಾರಿ ಇಟ್ಟರ ಪರಿಚಯದವರನ್ನ ನಡುವ ತುರಕತಾರ, ಬ್ಯಾಡ ಅಂತ ಡಾಕ್ಟರ್ ಹೇಳಿದ್ರು.

ನಂಬರ್ ಕರಿಯೋದಕ್ಕ ಒಂದು ಬಟನ್ ಇಟ್ಟಿದ್ರ ಸಾಕಾಗಿತ್ತು. ನಾ ಲಿಂಕ್ ಇಟ್ಟೆ. ಲಿಂಕ್ ಅಂದ್ರ ಇಂಟರ್ನೆಟ್ಟಿನ್ಯಾಗ ಇರತಾವಲ್ಲ, ನೀಲಿ ಅಕ್ಷರ, ಕೆಳಗೊಂದು ಗೆರಿ, ಅದರ ಮ್ಯಾಲ ಮೌಸಿನ ಬಾಣ ಹೋದ್ರ ಕೈಯಿನ ಚಿತ್ರ ಆಗತೈತಿ. "ಮುಂದಿನವರನ್ನು ಕರೆಯಿರಿ" ಅಂತ ದಪ್ಪಗ ಬರದೆ. ನೋಡಾಕ ಛಲೋ ಕಾಣತಿತ್ತು, ಡಾಕ್ಟರಿಗೂ ಲೈಕ್ ಆತು. ಆ ಲಿಂಕಿನ ಮ್ಯಾಲ ಕ್ಲಿಕ್ ಆತು ಅಂತ ಸುದ್ದಿ ಬಂದ ಕೂಡಲೆ ಮುಂದಿನ ನಂಬರ್ ಹಾಕು, ಯಾವ ಹೊತ್ತಿಗೆ ಕರೆದ್ರು ಅನ್ನೋದನ್ನ ಬರದಿಡು, ಇಷ್ಟು ನಾಕು ಸಾಲಿನ್ಯಾಗ ಬರದು ಮುಗಿಸಿದೆ. ನೂರು ಸಲ ಒತ್ತಿ ನೋಡಿದೆ. ಒಂದ ಸಲನೂ ತಪ್ಪಲಿಲ್ಲ.

ಕೌಂಟರಿಗೆ ಒಬ್ಬರು ಬೇಕು ಅಂತ ಡಾಕ್ಟರ್ ಅಂದಾಗ ನನಗ ನೆನಪಾದಾಕಿ ಅಕಿನ. ಸಿದ್ದಾಪುರದಿಂದ ಗಂಗಾವತಿಗೆ ದಿನಾ ಬಸ್ಸಿನ್ಯಾಗ ಬಂದು ಹೋಗಬಹುದು. ನಾನ ಫೋನ್ ಮಾಡಿ ಕರಿಸಿದೆ. "ಟೀಚರ್, ನಿಮ್ಮ ಹೆಸರು ಉಳಸತೀನ್ರಿ" ಅಂದ್ಲು. ಎರಡು ಮಕ್ಕಳ ತಾಯಿ ಆಗಿದ್ಲು, ಆದ್ರೂ ಕ್ಲಾಸಿನ್ಯಾಗ ಕುಂತಾಗಿನ ಹಂಗ ಬೆನ್ನು ನೆಟ್ಟಗ ಮಾಡಿ ಕುಂದರತಿದ್ಲು.

ಮೂರು ತಿಂಗಳು ಛಲೋ ನಡೀತು. ಆಮ್ಯಾಲ ಒಂದಿನ ಅಕಿ ಫೋನ್ ಮಾಡಿದ್ಲು.

"ಟೀಚರ್, ನಂಬರ್ ಒಮ್ಮೊಮ್ಮಿ ತಾನ ಹಾರತೈತ್ರಿ."

"ತಾನ ಹೆಂಗ ಹಾರತೈತಿ? ಅದಕ್ಕೇನ್ ಕಾಲ ಅದಾವೇನು?"

"ಗೊತ್ತಿಲ್ರಿ. ಗದ್ದಲ ಇದ್ದ ದಿನ ಹಿಂಗ ಆಗತೈತ್ರಿ. ಹದಿನೈದು ಕರಿಬೇಕಂದ್ರ ಹದಿನಾರು ಬಂದು ನಿಂತಿರತೈತಿ."

"ಕಂಪ್ಯೂಟರ್ ತಾನ ಏನೂ ಮಾಡಂಗಿಲ್ಲ ತಂಗಿ. ನೀ ಒತ್ತಿದ್ರ ಹೋಗತೈತಿ, ಒತ್ತಲಿಲ್ಲಂದ್ರ ಇಲ್ಲ. ಲಕ್ಷ್ಯ ಕೊಟ್ಟು ಮಾಡು" ಅಂದೆ. ಇನ್ನೂ ಒಂದ ಸಲ ಫೋನ್ ಬಂತು. ಅದ ಮಾತು ಹೇಳಿ ಇಟ್ಟೆ, ಸ್ವಲ್ಪ ಜೋರಾಗೇ ಹೇಳಿದೆ ಅನಸತೈತಿ. ಆಮ್ಯಾಲ ಅಕಿ ಫೋನ್ ಮಾಡಲಿಲ್ಲ.

ಬಂತು ನೋಡ್ರಿ ಒಂದು ಸೋಮವಾರ. ತಳಕಲ್ಲಿನ ಒಬ್ಬ ಅಮ್ಮ ಗಂಡನ್ನ ಕರಕೊಂಡು ಪ್ರತಿ ಸೋಮವಾರ ಬರತಿದ್ರು. ಆ ಅಜ್ಜಗ ಕಾಲಿಗೆ ಪ್ಲಾಸ್ಟರ್ ಹಾಕಿತ್ತು. ಎರಡು ಬಸ್ ಬದಲಿ ಮಾಡಿ, ಅಜ್ಜನ್ನ ಹಿಡದು ಹತ್ತಿಸಿ ಇಳಿಸಿ, ಒಂಬತ್ತು ಗಂಟೇದೊಳಗ ಬಂದು ಚೀಟಿ ತಗೊಂಡು ಕುಂತಿರತಿದ್ರು. ಹಿಂದಿನ ವಾರ ಅವರ ನಂಬರ್ ಹಾರಿ ಮಧ್ಯಾಹ್ನ ಮೂರರ ತನಕ ಕುಂತು ಹೋಗಿದ್ರು. ಈ ವಾರ ಅವರದು ಹದಿನಾಕು. ಟಿವಿ ಮ್ಯಾಲ ಹದಿಮೂರು ಇದ್ದದ್ದು ಹದಿನೈದು ಆತು. ಹದಿನೈದನೇ ನಂಬರಿನವ ಎದ್ದು ಕೌಂಟರಿಗೆ ಬಂದು "ಏನವಾ, ಮನ್ಯಾಗ ಎಲ್ಲಾ ಆರಾಮ?" ಅಂತ ಅಕಿನ್ನ ಮಾತಾಡಿಸಿ ಒಳಗ ಹೋದ. ಅವನೂ ಸಿದ್ದಾಪುರದಾಂವ.

ತಳಕಲ್ಲಿನ ಅಮ್ಮಗ ಇಷ್ಟು ಸಾಕಾತು. ಕೌಂಟರಿನ ಮುಂದ ನಿಂತು ಇಡೀ ಹಾಲಿಗೆ ಕೇಳೂಹಂಗ ಬೈದ್ರಂತ. "ನಿಮ್ಮೂರವರು ಒಳಗ, ನಾವು ಹೊರಗ ಏನು? ಎಷ್ಟ ತಗೊಂಡಿ ಅವನ ಕಡಿಂದ? ಈ ಮುದುಕನ ಕಾಲ ನೋಡಿ ನಿನಗ ಕರುಳು ಚುರ್ ಅನ್ನಲಿಲ್ಲೇನು?" ಉಳಿದವರೂ ಎದ್ದರು. ನನ್ನ ನಂಬರೂ ಹೋದ ತಿಂಗಳ ಹಾರಿತ್ತು, ನಮ್ಮಕ್ಕನದೂ ಹಾರಿತ್ತು ಅಂತ ಒಬ್ಬೊಬ್ರು ಚಾಲೂ ಮಾಡಿದ್ರು.

ಡಾಕ್ಟರ್ ನನಗ ಫೋನ್ ಮಾಡಿದ್ರು. ಯಾವ ನಂಬರ್ ಯಾವಾಗ ಕರೆದಾರ ಅನ್ನೋ ದಾಖಲೆ ಬೇಕು ಅಂದ್ರು. ಅದನ್ನ ತೆಗಿಯೋದು ನನಗೇನು ದೊಡ್ಡ ಕೆಲಸಲ್ಲ. ಮರುದಿನ ಹೋಗಿ ಪ್ರಿಂಟ್ ಹಾಕಿ ಅವರ ಮೇಜಿನ ಮ್ಯಾಲ ಇಟ್ಟೆ. ಡಾಕ್ಟರ್ ಪೆನ್ನಿಲೆ ಒಂದೊಂದ ಸಾಲು ಗೆರಿ ಎಳದ್ರು. ಹದಿನಾಕು ಕರೆದದ್ದು, ಹದಿನೈದು ಕರೆದದ್ದು, ನಡುವ ಒಂದ ಸೆಕೆಂಡು.

"ಒಂದ ಸೆಕೆಂಡಿನ್ಯಾಗ ಕುಂಟೋ ಮನಷ್ಯಾ ಹೆಂಗ ಎದ್ದು ಬರಬೇಕ್ರಿ ಮೇಡಂ? ಬೇಕಂತ ದಾಟಿಸ್ಯಾಳ" ಅಂದ್ರು. ಅಕಿ ಬಾಗಲದಾಗ ನಿಂತಿದ್ಲು.

"ಯಾ ಅಲ್ಲಾ, ನಾ ಹದಿನಾಕು ದಾಟಿಸಿಲ್ರಿ ಸರ್. ಟೀಚರ್, ನೀವಾದ್ರೂ ಹೇಳ್ರಿ."

ನಾ ಏನ್ ಹೇಳಿದೆ ಅಂದ್ರ, ಇವತ್ತಿಗೂ ನೆನಸಿಕೊಂಡ್ರ ಮೈ ಉರೀತೈತಿ. "ಸಾಫ್ಟ್‌ವೇರ್ ಸುಳ್ಳ ಹೇಳಂಗಿಲ್ಲ. ಒತ್ತಿದ್ದನ್ನ ಬರೀತೈತಿ" ಅಂದೆ. ತಿಂಗಳ ಕೊನಿತನಕ ಮಾಡಿ ಬಿಟ್ಟುಬಿಡು ಅಂತ ಡಾಕ್ಟರ್ ಅಂದ್ರು. ಕೊಪ್ಪಳಕ್ಕ ಬರೋ ಬಸ್ಸಿನ್ಯಾಗ ನನಗ ಅಕಿ ಮ್ಯಾಲ ಸಿಟ್ಟ ಇತ್ತು, ನನ್ನ ಹೆಸರು ಕೆಡಿಸಿದ್ಲಲ್ಲಾ ಅಂತ.

ಕೊನೀ ವಾರ ಡಾಕ್ಟರ್ ಮತ್ತ ಕರೆದ್ರು. ಹೊಸಬರು ಬರತಾರ, ಅವರಿಗೆ ನೀವ ಕಲಿಸಿ ಹೋಗ್ರಿ ಅಂದ್ರು. ಕಲಿಸೂಕಿಂತ ಮೊದಲು ಕೌಂಟರಿನ ಕೆಲಸ ಹೆಂಗ ನಡೀತೈತಿ ಒಂದ ತಾಸು ನೋಡೂಣು ಅಂತ ಸೋಮವಾರ ಮುಂಜಾನಿ ಅಕಿ ಹಿಂದ ಸ್ಟೂಲ್ ಹಾಕ್ಕೊಂಡು ಕುಂತೆ. ಅಕಿ "ಬರ್ರಿ ಟೀಚರ್" ಅಂದ್ಲು, ಅಷ್ಟ. ಮೊದಲೆಲ್ಲಾ ಚಹಾ ತರಿಸತಿದ್ಲು.

ಮೊದಲಿನ ಏಳೆಂಟು ನಂಬರು ನಿಧಾನಕ್ಕ ಕರೆದ್ಲು. ಹೆಸರು ಬರಕೊಳ್ಳೋದು, ಮೌಸು ಖಾಲಿ ಜಾಗಕ್ಕ ತಂದು ಬಲಗಡೆ ಬಟನ್ ಟಕ್ ಅನ್ನಿಸೋದು, ಆಮ್ಯಾಲ ನೀಲಿ ಅಕ್ಷರಕ್ಕ ಹೋಗಿ ಕ್ಲಿಕ್ ಮಾಡೋದು. ಖಾಲಿ ಜಾಗದಾಗ ಟಕ್ ಅನ್ನಿಸಿದ್ರ ಅಲ್ಲೇನೂ ಬರತಿರಲಿಲ್ಲ, ನನ್ನ ಸಾಫ್ಟ್‌ವೇರಿನ್ಯಾಗ ರಿಫ್ರೆಶ್ ಅನ್ನೋದ ಇಲ್ಲ. ನಾನೂ ಅದನ್ನ ನೋಡಿ ಬಿಟ್ಟೆ. ಯಾರು ತಲಿ ಕೆಡಿಸ್ಕೋತಾರ, ಎಲ್ಲಾರೂ ಮಾಡೋದ ಅದು.

ಹತ್ತು ಗಂಟೆ ದಾಟಿದ ಮ್ಯಾಲ ಗದ್ದಲ ಹೆಚ್ಚಾತು. ಒಬ್ಬ ಎಕ್ಸ್‌ರೇ ಎಲ್ಲಿ ಅಂತ ಕೇಳಿದ, ಒಬ್ಬಾಕಿ ಚೀಟಿ ಕಳಕೊಂಡಿದ್ಲು, ಫೋನ್ ಬಡಕೊಳ್ಳಾಕ ಹತ್ತಿತ್ತು. ನಾ ಹಿಂದ ಕುಂತದ್ದು ಅಕಿಗೆ ಮರತು ಹೋತು. ಈಗ ಮೌಸು ಎಲ್ಲಿತ್ತೋ ಅಲ್ಲೇ, ನೀಲಿ ಅಕ್ಷರದ ಮ್ಯಾಲೇ ಇತ್ತು. ಅಕಿ ಕಣ್ಣು ಚೀಟಿ ಕಡೆ. ನಡುಬೆರಳಿಲೆ ಬಲಗಡೆ ಬಟನ್ ಟಕ್ ಅನ್ನಿಸಿದ್ಲು, ಹಿಂದ ತೋರಬೆರಳಿಲೆ ಎಡಗಡೆದು.

ಪರದಿ ಮ್ಯಾಲಿನ ಹತ್ತು, ಹನ್ನೆರಡಾತು.

"ಏ, ಏನ್ ಒತ್ತಿದಿ?" ಅಂತ ನಾ ಎದ್ದೇ ನಿಂತೆ. ಅಕಿ ಬೆಚ್ಚಿಬಿದ್ದು ಕೈ ಹಿಂದಕ್ಕ ತಗೊಂಡ್ಲು.

"ಒಂದ ಸಲ ಒತ್ತಿದೆ ಟೀಚರ್, ಖರೇನ."

"ಅದಕ್ಕೂ ಮೊದಲು?"

"ಅದಾ? ಅದು ರಿಫ್ರೆಶ್ ರಿ. ನೀವ ಕಲಿಸಿದ್ದು."

ಮೌಸು ನನ್ನ ಕೈಗೆ ತಗೊಂಡೆ. ನೀಲಿ ಅಕ್ಷರದ ಮ್ಯಾಲ ಬಾಣ ಇಟ್ಟು ಬಲಗಡೆ ಬಟನ್ ಅಷ್ಟ ಒತ್ತಿದೆ. ಹದಿಮೂರು. ಇನ್ನೊಮ್ಮಿ ಒತ್ತಿದೆ. ಹದಿನಾಕು. ಪರದಿ ಮ್ಯಾಲ ಲಿಂಕಿನ ಬದಲಿ ಬಟನ್ ಇಟ್ಟಿದ್ರ ಅದು ಮೌಸಿನ ಎಡಗಡೆ ಒತ್ತಿಗೆ ಮಾತ್ರ ಓಗೊಡತಿತ್ತು. ಲಿಂಕ್ ಹಂಗಲ್ಲ, ಎಡ ಬಲ ಯಾವುದು ಒತ್ತಿದ್ರೂ ಕ್ಲಿಕ್ ಆತು ಅಂತ ಸುದ್ದಿ ಕಳಸತೈತಿ. ಯಾವ ಬಟನ್ ಒತ್ತಿದ್ರು ಅನ್ನೋದನ್ನೂ ಆ ಸುದ್ದಿ ಜೊತಿನ ಕಳಸತೈತಿ, ಸಾಫ್ಟ್‌ವೇರ್ ಬರದಾಕಿ ಅದನ್ನ ನೋಡಿಕೋಬೇಕು. ನಾ ನೋಡಿರಲಿಲ್ಲ. ನೂರು ಸಲ ಒತ್ತಿ ನೋಡಿದೆ ಅಂದ್ನಲ್ಲ, ನೂರೂ ಸಲ ಎಡಗಡೆದ ಒತ್ತಿದ್ದೆ. ನಾನು ರಿಫ್ರೆಶ್ ಮಾಡೋದು ಬಿಟ್ಟು ಎಷ್ಟೋ ವರ್ಷ ಆಗಿತ್ತು.

ಅಕಿ ನನ್ನ ಮುಖ ನೋಡತಿದ್ಲು. ನಾ ಏನೂ ಹೇಳೂಕಿಂತ ಮೊದಲ ಅಕಿಗೆ ತಿಳದಿತ್ತು.

ಲ್ಯಾಪ್‌ಟಾಪ್ ತೆಗದು ಅಲ್ಲೇ ಕುಂತು ಸರಿ ಮಾಡಿದೆ. ಎಡಗಡೆ ಬಟನ್ ಅಲ್ಲಂದ್ರ ಏನೂ ಮಾಡಬ್ಯಾಡ, ವಾಪಸ್ ಹೋಗು ಅಂತ ಒಂದ ಸಾಲು. ಹತ್ತು ನಿಮಿಷ ಹಿಡೀಲಿಲ್ಲ. ಹನ್ನೊಂದರಿಂದ ಹಾರಿದ ನಂಬರನ್ನೂ ಒಳಗಿನ ದಾಖಲೆ ತೆರದು ನಾನ ಹಿಂದಕ್ಕ ತಂದು ಕೂಡಿಸಿದೆ. ಆ ಒಂದು ಸಾಲಿಲ್ಲದ್ದಕ್ಕ ಎಷ್ಟು ಮಂದಿ ಕಾಲು ಬಾವು ಬರೂತನಕ ಕುಂತ್ರು, ಅಕಿ ಎಷ್ಟು ಅನ್ನಿಸಿಕೊಂಡ್ಲು ಅಂತ ನೆನಸಿ ನನಗ ಅಳು ಬಂದಂಗಾತು. ಅಳಲಿಲ್ಲ, ಡಾಕ್ಟರ್ ಕಡೆ ಹೋದೆ.

ಡಾಕ್ಟರ್ ಎಲ್ಲಾ ಕೇಳಿ ಒಂದು ಸಲ ಉಸುರು ಬಿಟ್ಟರು. "ಆತು ಬಿಡ್ರಿ ಮೇಡಂ. ಸರಿ ಆತಲ್ಲ. ಅಕಿನ್ನ ನಾ ಬಿಡಸಂಗಿಲ್ಲ, ಹೊಸಬರಿಗೆ ಬ್ಯಾಡ ಅಂತ ಹೇಳತೀನಿ. ಹೊರಗ ಮಾತ್ರ ಏನೂ ಹೇಳಾಕ ಹೋಗಬ್ಯಾಡ್ರಿ, ಸುಮ್ನ ದವಾಖಾನಿ ಹೆಸರು ಕೆಡತೈತಿ."

ನನಗೂ ಅದ ಬೇಕಾಗಿತ್ತು. ಹಾಲಿನ್ಯಾಗ ಕುಂತವರಾಗ ನನ್ನ ಗಿರಾಕಿಗಳೂ ಇಬ್ರಿದ್ರು. ಕೌಂಟರಿಗೆ ಬಂದು ಸಣ್ಣ ದನಿಲೆ, "ತಂಗಿ, ತಪ್ಪು ನಂದು. ನಿನ್ನ ಕೆಲಸ ಉಳೀತು, ಡಾಕ್ಟರ್ ಒಪ್ಯಾರ" ಅಂದೆ.

"ನನಗ ಯಾಕ ಹೇಳತೀರಿ ಟೀಚರ್?" ಅಂದ್ಲು. "ನಾ ಯಾರನ್ನೂ ದಾಟಿಸಿಲ್ಲ ಅನ್ನೋದು ನನಗ ಮೊದಲ ಗೊತ್ತಿತ್ತು. ಅಲ್ಲಿ ಹೇಳ್ರಿ." ಹಾಲಿನ ಕಡೆ ಗದ್ದ ಎತ್ತಿ ತೋರಿಸಿದ್ಲು. ಪ್ಲಾಸ್ಟರ್ ಕಾಲು ಚಾಚಿ ಅಜ್ಜ, ಮಗ್ಗಲಕ್ಕ ತಳಕಲ್ಲಿನ ಅಮ್ಮ ಕುಂತಿದ್ರು. ದನಿ ಏರಿಸಲಿಲ್ಲ, ಅಳಲೂ ಇಲ್ಲ. "ಎಲ್ಲಾರ ಮುಂದ ಅನ್ನಿಸಿಕೊಂಡೀನ್ರಿ. ಸಿದ್ದಾಪುರದ ಬಸ್ಸಿನ್ಯಾಗೂ ಅಂದ್ರು. ನಮ್ಮ ಅತ್ತಿ ಕೇಳ್ಯಾರ ನನಗ, ತಗೊಂಡಿ ಏನು ಅಂತ."

ಹೋಗಾಕ ಮನಸ್ಸಿರಲಿಲ್ಲ, ಸುಳ್ಳ ಹೇಳಂಗಿಲ್ಲ. ಆಮ್ಯಾಲ ಹಾಲಿನ ನಡುವ ಹೋಗಿ ಟಿವಿ ಕೆಳಗ ನಿಂತೆ.

"ಎಲ್ಲಾರೂ ಒಂದ ನಿಮಿಷ ಕೇಳ್ರಿ. ಈ ನಂಬರ್ ಕರಿಯೋ ಸಾಫ್ಟ್‌ವೇರ್ ಮಾಡಿದಾಕಿ ನಾನು. ನಿಮ್ಮ ನಂಬರ್ ಹಾರಿದ್ದು ನನ್ನ ತಪ್ಪಿಲೆ. ಕೌಂಟರಿನ್ಯಾಗ ಕುಂತಾಕಿ ಯಾರನ್ನೂ ದಾಟಿಸಿಲ್ಲ, ಯಾರ ಕಡಿಂದನೂ ಏನೂ ತಗೊಂಡಿಲ್ಲ. ಅಕಿ ನನಗ ಎರಡು ಸಲ ಹೇಳಿದ್ಲು, ನಾ ಕೇಳಲಿಲ್ಲ."

ಹಿಂದಿನ ಬೆಂಚಿನಿಂದ ಒಬ್ಬಾಂವ, "ಅದೆಲ್ಲಾ ಇರಲಿ ಅಕ್ಕಾರ, ಹನ್ನೊಂದು ಯಾವಾಗ ಕರೀತೀರಿ?" ಅಂದ. ನಾಕು ಮಂದಿ ನಕ್ಕರು. ತಳಕಲ್ಲಿನ ಅಮ್ಮ ನಗಲಿಲ್ಲ. ಎದ್ದು ಸೆರಗು ಸರಿ ಮಾಡಿಕೊಂಡು ಕೌಂಟರಿಗೆ ಹೋದ್ರು.

"ತಂಗಿ, ನನ್ನ ಬಾಯಾಗ ಮಣ್ಣ ಬೀಳಲಿ. ಮುದುಕನ ನೋವು ನೋಡಲಾರದ ಅಂದಬಿಟ್ಟೆ."

ಅಕಿ ಅವರ ಕೈಯಾನ ಚೀಟಿ ತಗೊಂಡು ನೋಡಿದ್ಲು. "ನಿಮ್ಮದು ಹದಿನಾರು ಐತ್ರಿ ಅಮ್ಮಾ. ಅಜ್ಜಾರನ್ನ ಮುಂದಿನ ಬೆಂಚಿಗೆ ಕುಂದ್ರಸ್ರಿ, ನಡಿಯೋದು ಕಡಿಮಿ ಆಗತೈತಿ" ಅಂದ್ಲು. ಆಮ್ಯಾಲ ಹನ್ನೊಂದು ಕರೆದ್ಲು.

ಆ ಸಾಫ್ಟ್‌ವೇರ್ ಈಗೂ ಅಲ್ಲಿ ಓಡತೈತಿ. ಲಿಂಕ್ ತೆಗದು ಬಟನ್ ಹಾಕೀನಿ. ಎರಡು ತಿಂಗಳಿಗೊಮ್ಮಿ ನೋಡಿ ಬರಾಕ ಹೋಗತೀನಿ, ಅಕಿ ಚಹಾ ತರಸತಾಳ. ರಿಫ್ರೆಶ್ ಮಾಡೋದು ಬಿಟ್ಟಾಳ. ಆದ್ರ ಮೊದಲ ಸಲ ಹೋದಾಗ ಕೀಬೋರ್ಡಿನ ಮಗ್ಗಲಕ್ಕ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಇತ್ತು. ಪ್ರತಿ ನಂಬರ್ ಕರಿಯೂಕಿಂತ ಮೊದಲು ಗೋಡಿ ಗಡಿಯಾರ ನೋಡಿ, ಪೆನ್ನಿಲೆ ನಂಬರು ಬರದು, ಹೊತ್ತು ಬರದು, ಆಮ್ಯಾಲ ಬಟನ್ ಒತ್ತತಿದ್ಲು.

"ಅದೆಲ್ಲಾ ಒಳಗ ದಾಖಲಾಗತೈತಲ್ಲ. ಎರಡೆರಡು ಸಲ ಯಾಕ ಬರೀತಿ? ಈಗ ಸರಿ ಐತಿ, ಹಾರಂಗಿಲ್ಲ" ಅಂದೆ.

"ಅದು ನಿಮ್ಮದು, ಟೀಚರ್" ಅಂದ್ಲು, ತಲಿ ಎತ್ತಲಾರದ. "ಇದು ನಂದು."

ನಂಬರ್ ಇಪ್ಪತ್ತೆರಡು ಬರದ್ಲು. ಹೊತ್ತು ಬರದ್ಲು. ಆಮ್ಯಾಲ ಒತ್ತಿದ್ಲು.